ಅವರೆ ಬುಟ್ಟಿಯ ಮುಂದೆ ಸಮಾಜ ವಿಜ್ಞಾನ

ಆ ದಿನಗಳಲ್ಲಿ ಸಮಾಜ ವಿಜ್ಞಾನ ಕಲಿಯಲು ನಾನು ತೆತ್ತಿದ್ದು ಎರಡು ಹೆಬ್ಬೆರಳ ಉಗುರು. ಚಿಂತಾಮಣಿಯಲ್ಲಿ ಅವರೆಕಾಯಿ ಕಾಲ. ಮಾರುಕಟ್ಟೆಯೆಲ್ಲ ಸೊಗಡಿನ ಘಮ. ಈ ಮಾರುಕಟ್ಟೆಯ ಜನರ ಬದುಕನ್ನೇ ವಿಚಾರಿಸಿ ಬರೆದು ತನ್ನಿ ಎಂದು ಒಂಬತ್ತನೇ ಕ್ಲಾಸಿನ ನಮಗೆ ಮೇಷ್ಟ್ರು ಹೇಳಿದ್ದರು. ಅರ್ಥಶಾಸ್ತ್ರ ನನ್ನ ಪಾಲಿಗೆ, ಸಮಾಜಶಾಸ್ತ್ರ ನನ್ನ ಜೋಡಿ ಮಂಜುವಿನ ಪಾಲಿಗೆ. ಅವನು ಮೈಸೂರಿನಿಂದ ಹೊಸದಾಗಿ ಬಂದವನು, ನಮ್ಮ ಮಾರುಕಟ್ಟೆಯಲ್ಲಿ ಆಡುವ ತೆಲುಗು ಬಾರದು. ನಾನಂತೂ ಇದನ್ನು ಕೈಬಿಡುವಂತಿರಲಿಲ್ಲ. ಆ ಸಲ ಸಮಾಜದಲ್ಲಿ ಫೇಲಾದರೆ ಶಾಲೆ ಬಿಡಿಸುತ್ತೇನೆಂದು ಅಮ್ಮ ಹೇಳಿಯಾಗಿತ್ತು.

ಅವರೆಕಾಳು ಮಾರುವ ಗಂಗಮ್ಮಜ್ಜಿಯ ಮುಂದೆ ಮಂಜು ಪೆನ್ನು ಹಿಡಿದು ನಿಂತು, "ಅಜ್ಜಿ, ನೀವು ಯಾವ ಜನ?" ಎಂದುಬಿಟ್ಟ.

"ಯಾಕಪ್ಪ, ಹೆಣ್ಣು ಕೇಳೋಕೆ ಬಂದಿದ್ದೀಯಾ? ಹೋಗು, ನಿಮ್ಮಪ್ಪನ್ನ ಕರ್ಕೊಂಡು ಬಾ!"

ಸಾಲಿಗೆ ಸಾಲೇ ನಕ್ಕಿತು. ಆಮೇಲೆ ಯಾರೂ ನಮ್ಮ ಮುಂದೆ ಬಾಯಿ ಬಿಡಲಿಲ್ಲ.

ಮರುದಿನ ನಾನು ಚೌಕಾಸಿಗಿಳಿದೆ. "ಅಜ್ಜಿ, ಕಾಳು ಹಿತಕಿ ಕೊಡ್ತೀವಿ, ನೀವು ಮಾತಾಡಿ."

"ಮೊದ್ಲು ಬುಟ್ಟಿ ಮುಗ್ಸಮ್ಮ, ಆಮೇಲೆ ನೋಡಣ."

ಕೂತೆವು. ನೆನೆದ ಕಾಳಿನ ಸಿಪ್ಪೆ ಹಿತಕಿ ಹಿತಕಿ ಉಗುರು ಕಪ್ಪಾಯಿತು. ಅಜ್ಜಿ ರೇಟಿಗೆ ಜಗಳವಾಡಿ, ಪಾವಿನಲ್ಲಿ ಅಳೆದು ಕೊಟ್ಟ ಮೇಲೂ ಗಿರಾಕಿಯ ಚೀಲಕ್ಕೆ ಒಂದು ಹಿಡಿ ಕೊಸರು ಹಾಕುತ್ತಿದ್ದಳು.

"ಅಷ್ಟು ಜಗಳ ಆಡಿ ಮತ್ತೆ ಕೊಸರು ಯಾಕಜ್ಜಿ?" ಎಂದೆ.

"ಊರಿಕೇ."

ತೆಲುಗಿನಲ್ಲಿ ಹಾಗೆಂದರೆ 'ಸುಮ್ಮನೆ'. ಮಂಜು 'ಊರಿಗೆ' ಎಂದು ಬರೆದುಕೊಂಡು ಗಂಭೀರವಾಗಿ ಕೇಳಿದ: "ಅಜ್ಜಿ, ಊರಿಗೆ ಅಂತ ಕೊಟ್ಟಿದ್ದನ್ನ ಊರಲ್ಲಿ ಯಾರು ಹಂಚ್ತಾರೆ?"

ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಒಸೇ, ಈ ಪಿಲ್ಲೋಡು ನನ್ನ ಪಂಚಾಯ್ತಿ ಮೆಂಬರ್ ಮಾಡ್ಬಿಟ್ಟ ಕಣೇ!" ಎಂದು ಪಕ್ಕದವಳನ್ನು ಕೂಗಿದಳು. ತೆರೆದ ಬಾಯಿ ಮತ್ತೆ ಮುಚ್ಚಲಿಲ್ಲ. ನಗರಗೆರೆಯ ತವರು, ಈ ಊರಿಗೆ ಸೊಸೆಯಾಗಿ ಬಂದದ್ದು, ಇಲ್ಲಿ ಕೂರುವ ಜಾಗಕ್ಕೆ ಯಾರ ಮಾತು ನಡೆಯುತ್ತದೆ ಎಂಬುದು. ಇತಿಹಾಸ, ಪೌರನೀತಿ ಎಲ್ಲ ತಾವಾಗಿಯೇ ಬಂದವು. ಕೊನೆಗೆ ತನ್ನ ಜನ ಯಾವುದೆಂದೂ ಹೇಳಿ, "ಬರ್ಕೋ ಅಳಿಯಪ್ಪ, ಹೆಣ್ಣು ಮಾತ್ರ ಇಲ್ಲ" ಎಂದಳು.

ಪಾಸಾದೆ, ಶಾಲೆ ಉಳಿಯಿತು. ಇವತ್ತು ತರಕಾರಿ ವ್ಯಾಪಾರದಲ್ಲಿ ಸ್ವಂತ ಕಾಲ ಮೇಲೆ ನಿಂತಿದ್ದೇನೆಂದರೆ ಅದು ಆ ಅಜ್ಜಿಯ, ಆ ಮಂಜುವಿನ ಪುಣ್ಯ. ಈಗ ಹಿತಕಿದ ಬೇಳೆ ಪ್ಯಾಕೆಟ್ಟಿನಲ್ಲಿ ಬರುತ್ತದೆ. ತೂಕ ಸರಿಯಾಗಿಯೇ ಇರುತ್ತದೆ, ಆದರೆ ಯಾರ ಪಕ್ಕದಲ್ಲೂ ಕೂರುವ ನೆಪ ಉಳಿದಿಲ್ಲ.

ನಿಮ್ಮ ಮಕ್ಕಳಿಗೆ ಇಂಥ ಪ್ರಾಜೆಕ್ಟ್ ಕೊಟ್ಟರೆ ಮೊಬೈಲ್ ನೋಡಿ ಬರೆಸಬೇಡಿ, ಜನರ ನಡುವೆ ಕಳಿಸಿ. ನಿಂತು ಕೇಳದೆ ಕೂತು ಕೇಳಲಿ. ಜಾತಿಯನ್ನು ಅವರಾಗಿಯೇ ಹೇಳುವವರೆಗೆ ಕಾಯಲಿ. ತಾವು ತಿಳಿದುಕೊಂಡದ್ದನ್ನು, ತಪ್ಪಾದರೂ ಸರಿ, ಅವರ ಮುಂದೆಯೇ ಓದಿ ಹೇಳಲಿ. ಅವರು ನಕ್ಕರೆ ಕೆಲಸ ಆಯಿತೆಂದುಕೊಳ್ಳಿ.