ಬೇಸಿಗೆಯಲ್ಲೂ ಬೆಳೆದ ಮರ

ಕಳೆದ ವಾರ ಬನಶಂಕರಿಯಲ್ಲಿ ನಮ್ಮ ರಸ್ತೆಯ ಬಡಗಿ, ಯಾವುದೋ ಮೆಷಿನ್ ಬಂದಿದ್ದ ಪೈನ್ ಮರದ ದೊಡ್ಡ ಪೆಟ್ಟಿಗೆಯನ್ನು ಒಡೆದು ಕುಯ್ಯುತ್ತಿದ್ದ. ಸುತ್ತೆಲ್ಲ ರಾಳದ ವಾಸನೆ. ತರಕಾರಿಗೆಂದು ಹೊರಟವಳು ಅಲ್ಲೇ ನಿಂತುಬಿಟ್ಟೆ. ಜಯನಗರದ ಎದುರು ಮನೆಯ ಮೇಡಂ ಅವರ ಅಡುಗೆಮನೆಯಲ್ಲಿ ಸದಾ ಇದೇ ವಾಸನೆ ಇರುತ್ತಿತ್ತು...

ಆಗ ನಾನೂ ಅಮ್ಮನೂ ಅಲ್ಲಿ ಬಾಡಿಗೆಗಿದ್ದೆವು. ಮೇಡಂ ನಿವೃತ್ತ ವಿಜ್ಞಾನಿ, ಒಂಟಿ ಜೀವ. ಕೆಲಸದಲ್ಲಿದ್ದಷ್ಟು ಕಾಲವನ್ನೂ ಹಿಮಾಲಯದ ದೇವದಾರು ಮರಗಳ ಜೊತೆ ಕಳೆದವರು. ತೊಗಟೆಯ ಒಳಗೆ ಮರ ಹೊಸ ಕಟ್ಟಿಗೆಯನ್ನು ಯಾವಾಗ ಕಟ್ಟಲು ಶುರುಮಾಡುತ್ತದೆ, ಯಾವಾಗ ನಿಲ್ಲಿಸುತ್ತದೆ ಅನ್ನುವುದೊಂದೇ ಅವರ ತಲೆ ತಿನ್ನುತ್ತಿದ್ದ ವಿಷಯ. ಅದಕ್ಕೊಂದು ಲೆಕ್ಕ ಕಟ್ಟಿದ್ದರು. ಮಳೆ, ಬಿಸಿಲು, ಹಗಲಿನ ಉದ್ದ ಇಷ್ಟನ್ನು ಕೊಟ್ಟರೆ ಕಂಪ್ಯೂಟರು ಉತ್ತರ ಹೇಳುತ್ತಿತ್ತು. 'ನನ್ನ ಮಾಡೆಲ್' ಅನ್ನುತ್ತಿದ್ದರು, ಮಗಳ ವಿಷಯ ಮಾತಾಡುವ ಹಾಗೆ.

ಹಿಮಾಲಯದಲ್ಲಿ ಚಳಿ ಬಂದರೆ ಮರ ಕೆಲಸ ನಿಲ್ಲಿಸುತ್ತದೆ. ಅಂಥ ಚಳಿಯೇ ಇಲ್ಲದ ಊರಲ್ಲಿ? ಮಣ್ಣು ಒಣಗಿದಾಗ ನಿಲ್ಲಿಸುತ್ತದೆ ಅನ್ನುವುದು ಮೇಡಂ ವಾದ. ಜೊತೆಯವರು ಒಪ್ಪಿರಲಿಲ್ಲ; ಬೆಚ್ಚಗಿನ ಊರಲ್ಲಿ ಮರ ವರ್ಷವಿಡೀ ಬೆಳೆಯುತ್ತದೆ, ನಿಮ್ಮ ಲೆಕ್ಕ ಅಲ್ಲಿ ನಡೆಯದು ಎಂದಿದ್ದರು. ಕಣ್ಣು ಮುಚ್ಚುವುದರೊಳಗೆ ಒಂದು ವರ್ಷ, ಒಂದೇ ಒಂದು ಮರದಲ್ಲಿ ಅದನ್ನು ನೋಡಿಬಿಡಬೇಕು ಅನ್ನುವ ಹಟ ಅವರಿಗೆ.

ಆ ಮರ ನಮ್ಮ ಕಾಂಪೌಂಡಿನಲ್ಲಿತ್ತು. ಬೀದಿಯವರೆಲ್ಲ ಕ್ರಿಸ್‌ಮಸ್ ಮರ ಅನ್ನುತ್ತಿದ್ದ, ಇನ್ನೂ ಎಳೆಯದಾದ ಮರ. ದೇವದಾರಿಗೆ ದೂರದ ನೆಂಟನಂತೆ.

"ಇದಕ್ಕೆ ನೀರು ಹಾಕ್ತೀರಾ?" ಎಂದು ಮೊದಲ ದಿನವೇ ಅಮ್ಮನನ್ನು ಕೇಳಿದರು.

"ಇಲ್ಲ ಮೇಡಂ, ಅದರ ಪಾಡಿಗೆ ಅದು ಬೆಳ್ಕೊಂಡಿದೆ," ಅಂದಳು ಅಮ್ಮ. ಅವತ್ತಿಗೆ ಅದು ನಿಜವೇ ಆಗಿತ್ತು.

ಪ್ರತಿ ಸೋಮವಾರ ಸಂಜೆ ಮೇಡಂ ಟೊಳ್ಳು ಸೂಜಿಯಂಥದ್ದೊಂದನ್ನು ಕಾಂಡಕ್ಕೆ ಹೊಡೆದು, ಬೆಂಕಿಕಡ್ಡಿಗಿಂತ ಚಿಕ್ಕ ಚೂರು ತೆಗೆಯುತ್ತಿದ್ದರು. ತೂತಿನಿಂದ ರಾಳ ಒಸರುತ್ತಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಅವರ ಮೈಕ್ರೋಸ್ಕೋಪು. ನನಗೂ ತೋರಿಸುತ್ತಿದ್ದರು. ಮಳೆಗಾಲದ ಜೀವಕೋಶಗಳು ದೊಡ್ಡವು, ಗೋಡೆ ತೆಳು. ಮಣ್ಣು ಒಣಗುತ್ತ ಬಂದ ಹಾಗೆ ಅವು ಚಿಕ್ಕವಾಗಿ, ಗೋಡೆ ದಪ್ಪವಾಗಿ, ಆಮೇಲೆ ನಿಂತೇಹೋಗಬೇಕು. ಶಿವರಾತ್ರಿ ಹೊತ್ತಿಗೆ ನಿಲ್ಲುತ್ತದೆ ಎಂದು ಮಾಡೆಲ್ ಹೇಳಿತ್ತು.

ಆ ವರ್ಷದ ಬೇಸಿಗೆ... ಬೋರ್‌ವೆಲ್ ಬತ್ತಿ ಇಡೀ ಬೀದಿ ಟ್ಯಾಂಕರಿಗೆ ಕಾಯುತ್ತಿತ್ತು. ಇಂಥ ಒಳ್ಳೆಯ ವರ್ಷ ಮತ್ತೆ ಸಿಗೋಲ್ಲ ಎಂದು ಮೇಡಂ ಖುಷಿಯಲ್ಲಿದ್ದರು. ಊರೆಲ್ಲ ನೀರಿಗೆ ಬಾಯಿಬಿಡುವಾಗ ನಿಮಗೊಬ್ಬರಿಗೆ ಹಬ್ಬ ಎಂದು ನಾನು ರೇಗಿಸುತ್ತಿದ್ದೆ. ಶಿವರಾತ್ರಿ ಕಳೆಯಿತು. ಯುಗಾದಿಯೂ ಆಯಿತು. ಮರ ನಿಲ್ಲಿಸಲಿಲ್ಲ. ವಾರವಾರವೂ ಹೊಸ, ದೊಡ್ಡ ಜೀವಕೋಶಗಳು.

"ಮಾಡೆಲ್ ತಪ್ಪು ಕಣಮ್ಮ," ಅಂದರು ಒಂದು ಸಂಜೆ. "ಜೊತೆಯವರು ಹೇಳಿದ್ದೇ ಸರಿ. ಇಷ್ಟು ವರ್ಷ ಏನ್ ಮಾಡ್ದೆ ನಾನು?"

ಆಮೇಲೆ ಅವರು ಮರದ ಹತ್ತಿರ ಬರಲಿಲ್ಲ. ಊಟ ಬಿಟ್ಟರು, ಹಾಸಿಗೆ ಹಿಡಿದರು. ಹನುಮಂತನಗರದ ತಂಗಿ ಬಂದು ಕರೆದುಕೊಂಡು ಹೋದರು. ನಮ್ಮ ಓನರೂ ಮನೆಯನ್ನು ಬಿಲ್ಡರಿಗೆ ಕೊಟ್ಟರು, ನಾವು ಬನಶಂಕರಿಗೆ ಬಂದೆವು. ಉಳಿದ ಸಾಮಾನು ತರಲು ಹೋದ ದಿನ ಮರವನ್ನು ಕಡಿದು ಕೆಡವಿದ್ದರು. ಅಮ್ಮ ಅದರ ಬುಡದ ಹತ್ತಿರ ನಿಂತು ಅತ್ತಳು.

"ಮೇಡಂ ಸೂಜಿ ಚುಚ್ಚೋದು ನೋಡಕ್ಕಾಗ್ತಿರ್ಲಿಲ್ಲ ಕಣೆ. ಪಾಪ, ಎಷ್ಟು ನೋವಾಗಿರುತ್ತೆ. ಬೇಸಿಗೇಲಿ ಒಂದಿನಾನೂ ಒಣಗಕ್ಕೆ ಬಿಡ್ಲಿಲ್ಲ. ನೀನು ಆಫೀಸಿಗೆ ಹೋದ್ಮೇಲೆ ಅಕ್ಕಿ ತೊಳ್ದಿದ್ದು, ಬಟ್ಟೆ ಜಾಲಿಸಿದ್ದು, ಎಲ್ಲಾ ನೀರೂ ಅದರ ಬುಡಕ್ಕೇ."

ಹಾಗಾದರೆ ಮರದ ಬುಡದ ಮಣ್ಣು ಒಣಗಿಯೇ ಇರಲಿಲ್ಲ. ಮೇಡಂ ಸೋತಿರಲಿಲ್ಲವೇನೋ! ಮಾರನೆಯ ದಿನವೇ ರಜೆ ಹಾಕಿ ಹನುಮಂತನಗರಕ್ಕೆ ಓಡಿದೆ. ಹೇಳಿದ ತಕ್ಷಣ ಮೇಡಂ ದಿಂಬಿಗೆ ಕೈ ಊರಿ ಎದ್ದು ಕೂತರು. ಅವರ ಮುಖದಲ್ಲಿ ಅಂಥ ಬೆಳಕನ್ನು ನಾನು ಮತ್ತೆ ನೋಡಲಿಲ್ಲ.

"ಎಷ್ಟು ನೀರು? ಯಾವತ್ತಿಂದ? ಮಳೆ ಲೆಕ್ಕಕ್ಕೆ ಅದನ್ನೂ ಸೇರಿಸಿ ನೋಡ್ಬೇಕು."

ಅಮ್ಮನನ್ನು ಆಗಲೇ ಕೇಳಿ ನೋಡಿದ್ದೆ. ಯಾರು ಅಳೆದು ಹಾಕ್ತಾರೆ, ಇದ್ದಷ್ಟು ಹಾಕಿದೆ ಅಂದಿದ್ದಳು. ಅದನ್ನೇ ಹೇಳಿದೆ.

"ಒಂದು ಅಂದಾಜು ಹಾಕ್ಕೊಂಡ್ರೆ ಆಗಲ್ವಾ ಮೇಡಂ?"

"ನನಗೆ ಬೇಕಾದಷ್ಟು ನೀರು ನಾನೇ ಹಾಕ್ಕೊಂಡು, ನಾನೇ ಸರಿ ಅಂತ ಹೇಳ್ಕೊಳ್ಳೋದಾ?" ಅಂದರು. ನನ್ನ ಕಡೆ ತಿರುಗಿ, "ಮರ ಇದೆಯಲ್ಲ? ಇನ್ನೊಂದು ವರ್ಷ..."

ಕಡಿದರು ಎಂದು ಹೇಳಬೇಕಾಯಿತು. ಅವರು ಗೋಡೆಯ ಕಡೆ ತಿರುಗಿ ಮಲಗಿದರು. ನೀರಿನ ವಿಷಯ ನಾನು ಹೇಳದೇ ಇದ್ದಿದ್ದರೆ, ಸೋತೆ ಎಂದಾದರೂ ಅವರಿಗೆ ಗೊತ್ತಿರುತ್ತಿತ್ತು. ನಾನು ಹೋಗಿ ಅದನ್ನೂ ಕಿತ್ತುಕೊಂಡೆ. ದೀಪಾವಳಿಗೆ ಮುಂಚೆ ಅವರು ತೀರಿಕೊಂಡ ಸುದ್ದಿ ಬಂತು.

ಆ ಮರದ ಮಟ್ಟಿಗೆ ಅವರ ಮಾತು ಸರಿಯೋ ತಪ್ಪೋ, ಇನ್ನು ಯಾರೂ ಹೇಳಲಾರರು. ಅಮ್ಮನಿಗೆ ಇದೊಂದೂ ಗೊತ್ತಿಲ್ಲ. ಮನೆಗೆ ಯಾರು ಬಂದರೂ ಮೇಡಂ ವಿಷಯ ತೆಗೆಯುತ್ತಾಳೆ. ನಿನ್ನೆಯೂ ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು: "ಅವರು ಅಷ್ಟು ದೊಡ್ಡ ಸೈಂಟಿಸ್ಟು. ಆ ಬೇಸಿಗೇಲಿ ಅವರ ಮರ ಉಳಿಸಿದ್ದು ಮಾತ್ರ ನಾನು. ಅಲ್ವೇನೆ?"

ಹೂಂ ಅಮ್ಮ, ಅಂದೆ.