ಮಾವ ಶೀಟು ಇಳಿಸಿದ ದಿನ

ಇದ್ದದ್ದು ಆರೇ ಆರು ಆಸ್ಬೆಸ್ಟಾಸ್ ಶೀಟು. ಅವನ್ನು ಇಳಿಸಲು ಮಾವ ಒಂದು ವಾರದಿಂದ ತಲೆ ಕೆಡಿಸಿಕೊಂಡಿದ್ದರು. ಮೂವತ್ತೈದು ವರ್ಷ ಕಂಡಕಂಡವರ ಮನೆಗೆ ಸೂರು ಹೊದಿಸಿದ ಮನುಷ್ಯ, ಸ್ವಂತ ಮನೆಯ ಹಿಂದಿನ ಕೋಣೆಯ ವಿಷಯಕ್ಕೆ ಬಂದರೆ ಹೀಗೆ ಮೀನಮೇಷ ಎಣಿಸುವುದೇ ಎಂದು ಸೊಸೆಗೆ ಒಳಗೊಳಗೇ ಸಿಡಿಮಿಡಿ. ಹೊಸ ಸೂರು ಬಂದರೆ ಅವಳ ಹೊಲಿಗೆ ಯಂತ್ರ ಆ ಕೋಣೆಗೆ ಹೋಗುವುದಿತ್ತು. "ಸುತ್ತಿಗೆ ಕೊಡಿ, ಅರ್ಧ ಗಂಟೆ ಸಾಕು" ಎಂದಿದ್ದ ಅವಳ ಗಂಡ. ಗಂಡಸರಿಗೆ ಒಡೆಯುವ ಕೆಲಸವೆಂದರೆ ಎಲ್ಲಿಲ್ಲದ ಹುರುಪು ನೋಡಿ. ಮಾವ ಸುತ್ತಿಗೆಯನ್ನು ತಮ್ಮ ಹಾಸಿಗೆಯ ಕೆಳಗೆ ಬಚ್ಚಿಟ್ಟರು.

ಆ ದಿನ ಬೆಳಿಗ್ಗೆ ಮಗನನ್ನು ಹೊರಗೆ ಕಳಿಸಿ, ಸೊಸೆಯನ್ನು ಅಡುಗೆಮನೆಯಲ್ಲಿರಿಸಿ, ಕಿಟಕಿ ಬಾಗಿಲು ಭದ್ರಪಡಿಸಿದರು. ಅವರೂ ಅವರ ಹಳೆಯ ಜೊತೆಗಾರರೂ ತಲೆಯಿಂದ ಕಾಲಿನವರೆಗೆ ಬಿಳಿ ಕವಚ ತೊಟ್ಟು, ಮುಖಕ್ಕೆ ಬಿಗಿಯಾಗಿ ಮಾಸ್ಕ್ ಹಾಕಿ ನಿಂತಾಗ ಹಿಟ್ಟಿನ ಮೂಟೆಗಳಿಗೆ ಕಾಲು ಬಂದಂತಿತ್ತು. ಗಾಜಿನ ಈಚೆ ಸೊಸೆ ನಕ್ಕು ನಕ್ಕು ಸುಸ್ತಾದಳು.

ಅವರು ಮಾತ್ರ ನಗಲಿಲ್ಲ. ಪಂಪಿನಿಂದ ಶೀಟಿಗೆ ನೀರು ಸಿಂಪಡಿಸಿದರು, ನೆನೆಯಲು ಬಿಟ್ಟರು, ಮತ್ತೆ ಸಿಂಪಡಿಸಿದರು. ಶೀಟಿನ ಮೇಲೆ ಕಾಲಿಡದೆ, ಏಣಿಯಲ್ಲಿ ನಿಂತೇ ತುಕ್ಕು ಹಿಡಿದ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿದರು. ಮಲಗಿದ ಕೂಸನ್ನು ಎತ್ತುವ ಹಾಗೆ ಒಂದೊಂದೇ ಶೀಟನ್ನು ಇಡಿಯಾಗಿ ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ ಟೇಪು ಹಚ್ಚಿದರು. ಸೊಸೆ ಕಿಟಕಿಯಿಂದ ಪೊರಕೆ ತೋರಿಸಿದರೆ ಎರಡೂ ಕೈ ಆಡಿಸಿ ಬೇಡವೆಂದರು. ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ಚೀಲಕ್ಕೆ ತುಂಬಿದರು. ಅದನ್ನೆಲ್ಲ ಒಯ್ಯಲು ನಗರಸಭೆಯ ಗಾಡಿ ಮರುದಿನ ಬರುವುದಿತ್ತು.

ಕವಚಗಳೂ ಚೀಲ ಸೇರಿದವು, ಜೊತೆಗಾರರು ಹೊರಟರು. ಮಾವ ಬಚ್ಚಲಿನ ಬಾಗಿಲಲ್ಲಿ ನಿಂತು, ಒಳಗೆ ತೊಟ್ಟಿದ್ದ ಬೆವರಿದ ಅಂಗಿ ಬಿಚ್ಚಿದರು. ಒಗೆಯಲೆಂದು ಸೊಸೆ ಎಂದಿನಂತೆ ಕೈ ಚಾಚಿದಳು.

"ಮುಟ್ಟಬೇಡ!"

ಹನ್ನೊಂದು ವರ್ಷದಲ್ಲಿ ಅವರು ಅವಳ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಅವಳ ಕಣ್ಣು ತುಂಬಿ ಬಂತು. "ನಾನೇನ್ ತಪ್ಪು ಮಾಡ್ದೆ ಮಾವ?"

ಮಾವ ಅಂಗಿಯನ್ನು ಚೀಲಕ್ಕೆ ತುರುಕಿ ಬಾಯಿ ಕಟ್ಟಿದರು. "ನಿಮ್ಮತ್ತೆ ಒಲೆ ಹೊಗೆಯಿಂದ ಹೋದ್ಳು ಅಂತಾರಲ್ಲಮ್ಮ, ಅದು ಸುಳ್ಳು. ಆಗೆಲ್ಲ ನಾನು ದಿನಾ ಶೀಟು ಕೊಯ್ದು, ಮೈತುಂಬಾ ಧೂಳು ಹೊತ್ಕೊಂಡು ಬರ್ತಿದ್ದೆ. ಅವಳು ಬಾಗಿಲಲ್ಲೇ ಅಂಗಿ ಕೊಡವಿ ಒಗೀತಿದ್ಳು. ಆ ಧೂಳೇ ಅವಳ ಎದೇಲಿ ಕೂತಿತ್ತು. ಡಾಕ್ಟರು ನನಗೊಬ್ಬನಿಗೇ ಹೇಳಿದ್ರು."

"ಮನೇಲಿ ಯಾರಿಗೂ ಹೇಳ್ಲಿಲ್ವಲ್ಲ ಮಾವ?"

"ಹೇಳಿದ್ರೆ ಮಗ ನನ್ನ ಮುಖ ನೋಡ್ತಿದ್ನಾ? ನೀನು ನೋಡ್ತಿದ್ಯಾ?"

ಇಷ್ಟು ವರ್ಷ ಇದನ್ನು ಒಬ್ಬರೇ ನುಂಗಿಕೊಂಡಿದ್ದರಲ್ಲ ಎಂದು ಸೊಸೆ ಮರುಗಿದಳು.

ಅವಳು ಅವರ ಮುಖವನ್ನೇ ನೋಡುತ್ತ, "ನೀರು ಕಾದಿದೆ, ಸ್ನಾನ ಮಾಡ್ಕೊಂಡು ಬನ್ನಿ ಮಾವ. ನೀವು ಬರೋವರೆಗೂ ನಾನೂ ಊಟ ಮಾಡಲ್ಲ" ಎಂದಳು.