ಗಾಳಿ ಐತೇನು?

…ಅಥವಾ ಮೇಡಂ ಆ ದಿನ ಕೂಗಲೇ ಇಲ್ಲವೇನೋ. ಕೂಗಿದರು ಎಂದು ಬರೆದೆ, ಹೊಡೆದುಹಾಕಿದೆ. ಮತ್ತೆ ಬರೆದೆ.

ಈ ಬರೆಯುವ ರಗಳೆ ಶುರುವಾದದ್ದು ಮೊನ್ನೆ, ಉಣಕಲ್ ಕೆರೆಯ ಹತ್ತಿರ. ಕಾರಿನ ಗಾಲಿಯಲ್ಲಿ ಗಾಳಿ ಇಳಿದಿತ್ತು. ಡಿಕ್ಕಿಯಲ್ಲಿದ್ದ ಪುಟ್ಟ ಪಂಪು ಹಚ್ಚಿದೆ. ಅದು ಕರ್ಕಶವಾಗಿ ಬಡಿದುಕೊಳ್ಳುತ್ತ ಬಿಸಿಯಾಯಿತು. ಕಾದ ರಬ್ಬರಿನ ವಾಸನೆ ಬಂತು. ಅದರ ಬೆನ್ನಿಗೆ ಮೇಡಂ ನೆನಪಾದರು.

ಅವರು ನಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ಲ್ಯಾಬ್ ನೋಡಿಕೊಳ್ಳುತ್ತಿದ್ದವರು. ರೋಬೋಟ್ ಸ್ಪರ್ಧೆಗೆ ಹೊರಟ ನಮ್ಮ ತಂಡಕ್ಕೆ ಅವರೇ ಮಾರ್ಗದರ್ಶಿ. ನಮ್ಮ ರೋಬೋಟಿನ ತೋಳು ಏಳುತ್ತಿದ್ದದ್ದು ಗಾಳಿಯ ಒತ್ತಡದಿಂದ. ಪಂಪು ಒಂದು ಟ್ಯಾಂಕಿಗೆ ಗಾಳಿ ತುಂಬಬೇಕು. ತುಂಬಿದೊಡನೆ ಒತ್ತಡದ ಸ್ವಿಚ್ಚು ಪಂಪನ್ನು ನಿಲ್ಲಿಸಬೇಕು. ಸ್ವಿಚ್ಚು ಕೈಕೊಟ್ಟರೆ ಸುರಕ್ಷಾ ವಾಲ್ವ್ ತಾನಾಗಿ ತೆರೆದು ಹೆಚ್ಚಿನ ಗಾಳಿಯನ್ನು ಹೊರಗೆ ಬಿಡಬೇಕು. ಇಷ್ಟೇ. ಆದರೆ ಮೇಡಂ ಇಷ್ಟಕ್ಕೆ ಬಿಡುವವರಲ್ಲ.

ಪಂಪು ಇಂತಿಷ್ಟು ಸೆಕೆಂಡು ಓಡಿ ನಿಲ್ಲಲಿ ಎಂದು ನಾನು ಪ್ರೋಗ್ರಾಂ ಬರೆದರೆ ಪೂರ್ತಿ ಅಳಿಸಿಹಾಕಿಸಿದರು. “ಟ್ಯಾಂಕಿನ್ಯಾಗ ಗಾಳಿ ಎಷ್ಟೈತಿ ಅಂತ ನಿನ್ನ ಗಡಿಯಾರಕ್ಕ ಏನ್ ಗೊತ್ತೋ? ಸ್ವಿಚ್ ಹೇಳಲಿ, ನೀ ಹೇಳಬ್ಯಾಡ.” ಮೇಲಾಗಿ ಒಂದು ಪದ್ಧತಿ. ರೋಬೋಟಿಗೆ ಕೈ ಹಚ್ಚುವ ಮುನ್ನ “ಗಾಳಿ ಐತೇನು?” ಎಂದು ಗಟ್ಟಿಯಾಗಿ ಕೇಳಬೇಕು. ಇನ್ನೊಬ್ಬರು ಟ್ಯಾಂಕಿನ ತಿರುಪು ತಿರುಗಿಸಿ ಗಾಳಿ ಬಿಟ್ಟು, ಮಾಪಕದ ಮುಳ್ಳು ಸೊನ್ನೆಗೆ ಬಂದದ್ದನ್ನು ನೋಡಿ “ಇಲ್ಲ” ಎನ್ನಬೇಕು. ಒಂದು ಸ್ಕ್ರೂ ಬಿಗಿ ಮಾಡಲೂ ಇದೇ ಪೂಜೆ. ಕ್ಯಾಂಟೀನಿನಲ್ಲಿ ನಾವು ಮಿರ್ಚಿ ಭಜಿಗೆ ಕೈ ಹಾಕಿದರೆ ಸಾಕು, ಪಕ್ಕದ ಟೇಬಲ್ಲಿನಿಂದ “ಗಾಳಿ ಐತೇನ್ರಲೇ?” ಎಂಬ ಕೂಗು, ನಗು.

ಸ್ಪರ್ಧೆ ಧಾರವಾಡದಲ್ಲಿತ್ತು. ಇನ್ನೊಂದು ಪಂದ್ಯ ಗೆದ್ದರೆ ಅಂತಿಮ ಸುತ್ತು. ಕಣದ ಪಕ್ಕ ಸರದಿಗಾಗಿ ಕಾಯುತ್ತಿದ್ದೆವು. ಪಂಪು ಓಡುತ್ತಿತ್ತು. ಮೇಡಂ ಕಿವಿಗೊಟ್ಟು ನಿಂತರು.

“ವಾಲ್ವ್ ಯಾಕ ಸುಮ್ಮನೈತಿ? ನಿನ್ನೆ ಸುಂಯ್ ಅಂತಿತ್ತಲ್ಲ?”

“ಲೀಕ್ ಇತ್ರೀ ಮೇಡಂ. ಪಾನಾ ಹಾಕಿ ಗಟ್ಟಿ ಬಿಗದೇನಿ,” ಎಂದ ತಂಡದಲ್ಲಿದ್ದ ಕಮರಿಪೇಟೆಯ ಗೆಳೆಯ, ಕೈಯಲ್ಲಿದ್ದ ಸ್ಪ್ಯಾನರ್ ತೋರಿಸುತ್ತ, ಹೆಮ್ಮೆಯಿಂದ.

ಗಾಳಿ ಬಿಡುವುದೇ ಕೆಲಸವಾಗಿದ್ದ ವಾಲ್ವಿನ ಬಾಯಿಯನ್ನು ಅವನು ಮುಚ್ಚಿದ್ದ, ಮನೆಯ ನಲ್ಲಿ ತೊಟ್ಟಿಕ್ಕಿದರೆ ಮಾಡುವ ಹಾಗೆ. ಮೇಡಂ ಮಾಪಕದತ್ತ ಬಗ್ಗಿದರು. “ಕೈ ತಗೀರಿ!” ಎಂದು ಕೂಗಿದರೋ, ಕೂಗದೆಯೋ… ಪಂಪಿನ ವೈರು ಕಿತ್ತು, ತಿರುಪು ತಿರುಗಿಸಿಬಿಟ್ಟರು. ಭುಸ್ ಎಂದು ಗಾಳಿಯೆಲ್ಲ ಹೋಯಿತು. ತೋಳು ಕುಸಿಯಿತು.

ಅಷ್ಟರಲ್ಲೇ ಮೈಕಿನಲ್ಲಿ ನಮ್ಮ ತಂಡದ ಹೆಸರು. ವಾಲ್ವ್ ಸರಿಮಾಡಿ ಮತ್ತೆ ಗಾಳಿ ತುಂಬಲು ಹೊತ್ತು ಬೇಕಿತ್ತು, ಯಾರೂ ಕೊಡಲಿಲ್ಲ. ಮದುವೆಮನೆಯಲ್ಲಿ ಯಾರೂ ಕೆಲಸ ಹೇಳದ ಅಳಿಯನಂತೆ ನಮ್ಮ ರೋಬೋಟ್ ಕೈ ಇಳಿಬಿಟ್ಟುಕೊಂಡು ಕಣದ ತುಂಬ ಅಡ್ಡಾಡಿತು. ಸೋತೆವು.

“ಸ್ವಿಚ್ ಇನ್ನೇನು ನಿಲ್ಲಸ್ತಿತ್ರೀ ಮೇಡಂ,” ಎಂದೆ. ಅಳುವುದೊಂದು ಬಾಕಿ.

“ಎರಡೂ ಕಣ್ಣು ನೆಟ್ಟಗ ಅದಾವಲ್ಲ? ಅಳು, ಛಲೋತ್ನಂಗ ಅಳು,” ಎಂದರು. ಮುಳ್ಳು ಎಲ್ಲಿತ್ತು ಎಂದು ಹೇಳಲಿಲ್ಲ. ನಾವು ಸಿಟ್ಟಿನಲ್ಲಿ ಕೇಳಲೂ ಇಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಒಬ್ಬರೂ ಅವರ ಪಕ್ಕ ಕೂರಲಿಲ್ಲ.

ಈಗ ನೆನಪು ತನ್ನ ಹಳೆಯ ಚಾಳಿ ತೋರಿಸುತ್ತಿದೆ. ಮುಳ್ಳು ಮಾಪಕದ ಕೆಂಪು ಗೆರೆ ದಾಟಿತ್ತು, ಟ್ಯಾಂಕು ಸಿಡಿಯುವುದರಲ್ಲಿತ್ತು, ಮೇಡಂ ನಮ್ಮನ್ನು ಉಳಿಸಿದರು… ಎಷ್ಟು ಚೊಕ್ಕ! ತೀರಿಕೊಂಡವರದ್ದೆಲ್ಲ ಸರಿ ಎನಿಸಿಬಿಡುವ ಈ ಉಪಕಾರ ನನಗೆ ಬೇಡ. ಮೇಡಂ ಸುಮ್ಮಸುಮ್ಮನೆ ಹೆದರುವವರೂ ಆಗಿದ್ದರು. ಖಾಲಿ ಟ್ಯಾಂಕಿನಿಂದಲೂ ದೂರ ಸರಿದು ನಿಂತದ್ದನ್ನು ನಾನೇ ಕಂಡಿದ್ದೇನೆ. ಕಂಡಿದ್ದೇನೆ ಎಂದುಕೊಂಡಿದ್ದೇನೆ.

ಹೋದ ತಿಂಗಳು ಅವರು ಹೋದ ಸುದ್ದಿ ಬಂತು. ನವನಗರದ ಅವರ ಮನೆಯವರನ್ನು ಮಾತಾಡಿಸಲು ಹೋದಾಗ ಅದೇ ಗೆಳೆಯ ಗೇಟಿನ ಹತ್ತಿರ ಸಿಕ್ಕ. ಚಪ್ಪಲಿ ಬಿಡುವ ಮೊದಲೇ ಜಗಳ ಶುರುವಾಯಿತು.

“ಖರೇ ಹೇಳ್ತೇನಿ, ಮುಳ್ಳು ಗೆರಿ ದಾಟಿತ್ತಲೇ,” ಎಂದೆ.

“ನೀ ಎಲ್ಲಿ ನೋಡಿದ್ಯೋ? ಲ್ಯಾಪ್‌ಟಾಪ್ ಹಿಡ್ಕೊಂಡು ಆ ಕಡಿ ನಿಂತಿದ್ದಿ. ಗೆರಿಗಿಂತ ಭಾಳ ಕೆಳಗಿತ್ತು.”

“ನೀ ನೋಡಿದ್ಯಾ?”

ಅವನು ಚಪ್ಪಲಿ ಬಿಡಲು ಬಗ್ಗಿದ. “ಮೇಡಂ ಅಡ್ಡ ನಿಂತಿದ್ರಲ್ಲ…”

ಇಬ್ಬರಿಗೂ ರೇಗಿತು. ಒಳಗೆ ಹೋಗಿ ಅವರನ್ನೇ ಕೇಳೋಣ ನಡಿ ಎಂಬ ಮಾತು ನನ್ನ ಬಾಯಿಯ ತನಕ ಬಂತು. ಒಳಗೆ ಫೋಟೋಕ್ಕೆ ಹಾರ ಹಾಕಿದ್ದರು. ಮುಳ್ಳು ಎಲ್ಲಿತ್ತೋ ನನಗೆ ಗೊತ್ತಿಲ್ಲ. ನೋಡಿದವರು ಅವರೊಬ್ಬರೇ.